ಎಬ್ಬಿಸುವ ಕಚೇರಿ

ವಾಷಿಂಗ್ಟನ್
ಅಕ್ಟೋಬರ್ 19, 2016

ಪ್ರೀತಿಯ ಅಮ್ಮನಿಗೆ ಇನೆಸ್‌ಳ ನಮಸ್ಕಾರ.

ಮೊದಲು ನಾಲ್ಕು ಬೈದುಬಿಡು, ಆಮೇಲೆ ಮುಂದೆ ಓದು. ನಿನ್ನಿಂದ ಕಾಗದದ ಮೇಲೆ ಕಾಗದ ಬಂದರೂ ನನ್ನಿಂದ ಒಂದೂ ಹೋಗಲಿಲ್ಲ. ಕೆಲಸ ಜಾಸ್ತಿ ಎಂದರೆ ನೀನು ನಂಬುವವಳಲ್ಲ, ಸರ್ಕಾರದಲ್ಲಿ ಎಂಥ ಕೆಲಸವೇ ಎನ್ನುತ್ತೀಯ. ಫೋನ್ ಮಾಡಬಹುದಿತ್ತು, ನಿಜ. ಆದರೆ ಫೋನಿನಲ್ಲಿ ನಾನು ಹೇಳಿದ್ದು ನಿನಗೆ ಅರ್ಧವೇ ಕೇಳಿಸುವುದು. ಉಳಿದರ್ಧವನ್ನು ನೀನೇ ಹೊಂದಿಸಿಕೊಂಡು ಪಕ್ಕದ ಮನೆಯ ಫಿಲೊಮೆನಾ ಚಿಕ್ಕಮ್ಮನಿಗೆ ಒಪ್ಪಿಸುತ್ತೀಯ. ಫೆಲೋಶಿಪ್ ಸಿಕ್ಕಿದೆ ಎಂದು ನಾನು ಹೇಳಿದ್ದಕ್ಕೆ, ಇನೆಸ್‌ಗೆ ಯಾವುದೋ ಶಿಪ್ಪಿನಲ್ಲಿ ಕೆಲಸವಂತೆ ಎಂದು ಇಡೀ ಫಾಲ್ ರಿವರ್ ಊರಿಗೆ ಸುದ್ದಿ ಹಬ್ಬಿಸಿದಿರಲ್ಲ ಇಬ್ಬರೂ ಸೇರಿ. ಅದಕ್ಕೇ ಈ ಕಾಗದ. ಕನ್ನಡಕ ಹಾಕಿಕೊಂಡು ನಿಧಾನವಾಗಿ ಓದು.

ಊಟಕ್ಕೆ ತೊಂದರೆಯಿಲ್ಲ. ನೀನು ಕಳಿಸಿದ ಸಾಸೇಜು ಹಾಕಿ ಕೇಲ್ ಸೊಪ್ಪಿನ ಸಾರು ಮಾಡಿದ್ದೆ. ನಾನಿರುವುದು ನೆಲಮಾಳಿಗೆಯ ಕೋಣೆಯಲ್ಲವೇ, ವಾಸನೆ ಮೇಲಿನ ತನಕ ಹೋಗಿ ಮನೆಯ ಯಜಮಾನರು ಇಳಿದು ಬಂದರು. ದೂರು ಹೇಳಲು ಬಂದವರು ಎರಡು ಬಟ್ಟಲು ಕುಡಿದು, ಇನ್ನೊಮ್ಮೆ ಮಾಡಿದಾಗ ಕರೆಯಿರಿ ಎಂದು ಹೇಳಿ ಹೋದರು.

ಇನ್ನು ನಿನ್ನ ಪ್ರಶ್ನೆಗಳು. ಪ್ರತಿ ಕಾಗದದಲ್ಲೂ ನೀನು ಕೇಳುವುದು ಎರಡೇ. ನನ್ನನ್ನು ಸಾಯಿಸಿದವರು ಯಾರು, ನನ್ನ ಮಗ ಎಲ್ಲಿದ್ದಾನೆ. ಎರಡಕ್ಕೂ ಉತ್ತರ ಹುಡುಕುತ್ತಿದ್ದೇನೆ, ಸ್ವಲ್ಪ ತಾಳ್ಮೆ ಇರಲಿ.

ನಾನು ಬಾಸ್ಟನ್‌ನ ಕೆಲಸ ಬಿಟ್ಟು ಇಲ್ಲಿಗೆ ಯಾಕೆ ಬಂದೆ ಎಂದು ಎಲ್ಲರೂ ಕೇಳುತ್ತಾರೆ. ಲಾರಿಗಳಿಗೆ ದಾರಿ ತೋರಿಸುವ ಕಂಪ್ಯೂಟರ್ ಪ್ರೋಗ್ರಾಂ ಬರೆದುಕೊಂಡು ಹಾಯಾಗಿದ್ದವಳು ನಾನು. ಕಳೆದ ಮಾರ್ಚಿನಲ್ಲಿ ನೀನು ಔಷಧಿ ಅಂಗಡಿಗೆ ಹೋದಾಗ ಅಲ್ಲಿನ ಹುಡುಗಿ ಕಂಪ್ಯೂಟರ್ ನೋಡಿ, "ಇದರಲ್ಲಿ ನೀವು ತೀರ್ಕೊಂಡಿದ್ದೀರಿ ಅಂತ ಬರ್ತಿದೆ ಮೇಡಂ," ಎಂದಳಲ್ಲ, ನೀನು, "ಹಾಗಾದ್ರೆ ಈ ರಕ್ತದೊತ್ತಡ ಯಾರದ್ದಮ್ಮ?" ಎಂದು ಕೇಳಿದೆಯಲ್ಲ, ಊರೆಲ್ಲ ನಕ್ಕಿತು. ನನಗೆ ಮಾತ್ರ ಮೈ ಉರಿಯಿತು. ಪಿಂಚಣಿ ನಿಂತಿತು, ಬ್ಯಾಂಕಿನವರು ಖಾತೆ ಮುಚ್ಚಿದರು, ನೀನು ಪಾಸ್‌ಪೋರ್ಟ್ ಹಿಡಿದುಕೊಂಡು ಒಂದೊಂದು ಕಿಟಕಿಯ ಮುಂದೆಯೂ ನಿಂತು ಬದುಕಿದ್ದೇನೆ ಎಂದು ಹೇಳಬೇಕಾಯಿತು. ಆಗಲೇ ಪೇಪರಿನಲ್ಲಿ ನೋಡಿದ್ದು: ಕಂಪನಿಗಳಲ್ಲಿ ಕಂಪ್ಯೂಟರ್ ಕೆಲಸ ಬಲ್ಲವರು ಒಂದು ವರ್ಷದ ಮಟ್ಟಿಗೆ ಸರ್ಕಾರಕ್ಕೆ ಬಂದು, ಕೆಟ್ಟದ್ದನ್ನು ಸರಿಮಾಡಿಕೊಟ್ಟು ವಾಪಸ್ ಹೋಗಬಹುದು ಎಂದು. ಅರ್ಜಿ ಹಾಕಿದೆ. ಸಂದರ್ಶನದಲ್ಲಿ ಯಾಕೆ ಬರುತ್ತೀರಿ ಎಂದು ಕೇಳಿದಾಗ ದೇಶಸೇವೆ ಎಂದೇನೂ ಹೇಳಲಿಲ್ಲ. ನಮ್ಮಮ್ಮನನ್ನು ನೀವು ಹೇಗೆ ಸಾಯಿಸಿದಿರಿ ಎಂದು ನೋಡಬೇಕು ಎಂದೆ. ಅವರಿಗೆ ಅದು ಇಷ್ಟವಾಯಿತೋ ಏನೋ, ತೆಗೆದುಕೊಂಡರು. ನನ್ನ ಹಳೆಯ ಬಾಸ್ ಮಾತ್ರ, "ಹೋಗು ಹೋಗು, ವರ್ಷವಿಡೀ ಕುರ್ಚಿ ಬಿಸಿ ಮಾಡಿ ಬಾ," ಎಂದು ಬೀಳ್ಕೊಟ್ಟ.

ಕುರ್ಚಿ ಬಿಸಿ ಮಾಡಲು ಮಿಸ್ ಪ್ರೂಯಿಟ್ ಬಿಟ್ಟರೆ ತಾನೇ. ಇವರು ನಮ್ಮ ವಿಭಾಗದ ಮುಖ್ಯಸ್ಥೆ, ಬಾಲ್ಟಿಮೋರ್‌ನವರು, ಅವರು ಕೆಲಸಕ್ಕೆ ಸೇರಿದಾಗ ನಾನು ಇನ್ನೂ ಪ್ರೈಮರಿ ಶಾಲೆಯಲ್ಲಿದ್ದೆ. ಮೊದಲ ದಿನ ನನ್ನನ್ನು ಕಂಡವರೇ ಕೇಳಿದ ಪ್ರಶ್ನೆ ಇದು: "ಯಾವಾಗ ಹೊರಡ್ತೀರಿ?"

"ಇವತ್ತು ತಾನೇ ಬಂದಿದ್ದೀನಿ ಮೇಡಂ."

"ಬಂದಿದ್ದು ಕಾಣ್ತಾ ಇದೆ. ಹೊರಡೋದು ಕೇಳ್ದೆ. ವರ್ಷಕ್ಕೊಬ್ರು ಬುದ್ಧಿವಂತರು ಬರ್ತೀರಿ, ಚೆಂದ ಬಣ್ಣ ಬಳಿದು ಏನೋ ಒಂದು ಮಾಡಿಟ್ಟು ಹೋಗ್ತೀರಿ. ಅದು ಕೆಟ್ಟಾಗ ಫೋನ್ ಮಾಡಿದ್ರೆ ಎತ್ತೋರು ಗತಿಯಿಲ್ಲ."

ನನಗೆ ಸಿಟ್ಟು ಬಂತು. ಆದರೆ ಕೊರಳಿಗೆ ಹಾಕಿಕೊಟ್ಟ ಗುರುತಿನ ಚೀಟಿ ನೋಡಿದರೆ, ನನ್ನ ಹೆಸರಿಗಿಂತ ಅದರ ಅವಧಿ ಮುಗಿಯುವ ತಾರೀಖೇ ದಪ್ಪ ಅಕ್ಷರದಲ್ಲಿತ್ತು. ಮಿಸ್ ಪ್ರೂಯಿಟ್ ಹೇಳಿದ್ದು ಸರಿಯೇ ಅನ್ನಿಸಿತು. ನನ್ನ ಜೊತೆ ಬಂದಿರುವ ಗ್ರೇಡಿ ಎಂಬ ಟೆಕ್ಸಸ್‌ನವನು ಮೊದಲು ಕಂಪ್ಯೂಟರ್ ಆಟ ಮಾಡುವ ಕಂಪನಿಯಲ್ಲಿದ್ದ. "ನಮ್ಮಲ್ಲಿ ಸತ್ತೋರಿಗೆ ಇನ್ನೂ ಎರಡು ಜೀವ ಇರ್ತಿತ್ತು, ಇಲ್ಲಿ ಅದೂ ಇಲ್ಲ," ಎನ್ನುತ್ತಾನೆ.

ತಪ್ಪಾಗಿ ಸತ್ತವರ ಪಟ್ಟಿಗೆ ಸೇರಿದವರನ್ನು ಮತ್ತೆ ಬದುಕಿದವರ ಪಟ್ಟಿಗೆ ತರುವುದೇ ನಮ್ಮ ಕೆಲಸ, ಇಲ್ಲಿಯವರು ಅದಕ್ಕೆ ಇಟ್ಟುಕೊಂಡಿರುವ ಹೆಸರು ಕೇಳಿದರೆ ನಗುತ್ತೀಯ. ಎಬ್ಬಿಸುವುದು ಎನ್ನುತ್ತಾರೆ. ಬೆಳಗ್ಗೆ ಕಾಫಿಯ ಹತ್ತಿರ ಒಬ್ಬರನ್ನೊಬ್ಬರು ಕೇಳಿಕೊಳ್ಳುವುದು, "ನಿನ್ನೆ ಯಾರ್‍ಯಾರನ್ನ ಎಬ್ಬಿಸಿದ್ರಿ?" ಹಾಗೆ ಎಬ್ಬಿಸಿದ ಮೇಲೆ ಮಿಸ್ ಪ್ರೂಯಿಟ್ ಅವರಿಗೆ ಖುದ್ದಾಗಿ ಫೋನ್ ಮಾಡುತ್ತಾರೆ. ಸುತ್ತೋಲೆಯಲ್ಲಿ ಅಂಥ ನಿಯಮವೇನೂ ಇಲ್ಲ, ಇವರ ಪದ್ಧತಿ ಅಷ್ಟೆ. ನೆಬ್ರಾಸ್ಕದ ಒಬ್ಬ ಮುದುಕ ಅವರಿಗೇ ತಿರುಗಿ ಹೇಳಿದನಂತೆ: "ನಾನು ಸತ್ತಿದ್ರೆ ಕಟ್ಟಿದ ತೆರಿಗೆ ವಾಪಸ್ ಕೊಡಿ, ಬದುಕಿದ್ರೆ ಪಿಂಚಣಿ ಕೊಡಿ. ನೀವು ನೀವೇ ಮಾತಾಡ್ಕೊಂಡು ಒಂದು ತೀರ್ಮಾನಕ್ಕೆ ಬನ್ನಿ, ನಾನು ಹೊಲದಲ್ಲಿರ್ತೀನಿ."

ಈಗ ನಿನ್ನ ಸಾವಿನ ವಿಷಯಕ್ಕೆ ಬರುತ್ತೇನೆ. ನಮ್ಮ ಚರ್ಚಿಗೇ ಬರುತ್ತಿದ್ದ, ಮೇಲಿನ ಬೀದಿಯಲ್ಲಿ ನಿನ್ನದೇ ಹೆಸರಿನ ಇನ್ನೊಬ್ಬರು ಡೆಲ್ಫಿನಾ ಮೆಡೇರೊಸ್ ಇದ್ದರು, ಫೆಬ್ರವರಿಯ ಕೊನೆಯಲ್ಲಿ ತೀರಿಕೊಂಡರು. ಆ ಡೆಲ್ಫಿನಾ ಬದಲು ಈ ಡೆಲ್ಫಿನಾಳನ್ನು ಮೆಷಿನ್ ಹೊತ್ತುಕೊಂಡು ಹೋಯಿತು ಎಂದು ನೀನೂ ಚಿಕ್ಕಮ್ಮನೂ ಆಗಲೇ ತೀರ್ಪು ಕೊಟ್ಟಿದ್ದಿರಿ. ನಾನೂ ಅದನ್ನೇ ನಂಬಿಕೊಂಡು ಬಂದೆ. ಎರಡು ವಾರ ಆ ಮೆಷಿನ್ನಿನ ಹೊಟ್ಟೆಯೊಳಗೆ ತಲೆ ಹಾಕಿಕೊಂಡು ಕುಳಿತೆ. ಕಡೆಗೆ ಮಿಸ್ ಪ್ರೂಯಿಟ್ ನಕ್ಕುಬಿಟ್ಟರು. "ಹೆಸರು ನಾವು ನೋಡೋದೇ ಇಲ್ಲಮ್ಮ. ಈ ದೇಶದಲ್ಲಿ ಒಂದೊಂದು ಹೆಸರಿಗೆ ಎಷ್ಟು ಜನ ಇದ್ದಾರೆ ಗೊತ್ತಾ? ನಮಗೆ ಬೇಕಾಗಿರೋದು ನಂಬರ್. ನಂಬರ್ ಹೇಳದೆ ಯಾರನ್ನೂ ಸಾಯಿಸೋಕಾಗಲ್ಲ."

ಹಾಗೆಂದರೆ ಪಿಂಚಣಿ, ತೆರಿಗೆ ಎಲ್ಲಕ್ಕೂ ಬಳಸುವ ನಿನ್ನ ಸರ್ಕಾರಿ ನಂಬರನ್ನು ಯಾರೋ ಕೊಟ್ಟಿದ್ದಾರೆ. ಆಸ್ಪತ್ರೆಯವರು ಕೊಡಬಹುದು, ಶವಸಂಸ್ಕಾರದವರು ಕೊಡಬಹುದು, ಬ್ಯಾಂಕಿನವರು ಕೊಡಬಹುದು, ಮನೆಯವರು ಫೋನ್ ಮಾಡಿ ಹೇಳಬಹುದು. ಇವರಲ್ಲಿ ಯಾರಾದರೂ ಒಂದು ಅಂಕಿ ತಪ್ಪಾಗಿ ಒತ್ತಿದರೂ ಎಲ್ಲಿಯೋ ಗಟ್ಟಿಮುಟ್ಟಾಗಿರುವ ಇನ್ನೊಬ್ಬರು ಹೋಗಿಬಿಡುತ್ತಾರೆ. ಗ್ರೇಡಿಯೂ ನಾನೂ ಸೇರಿ ಈಗ ಒಂದು ಉಪಾಯ ಮಾಡುತ್ತಿದ್ದೇವೆ. ಸಾವಿನ ಸುದ್ದಿ ಬಂದ ಕೂಡಲೇ ಒಪ್ಪಿಕೊಳ್ಳದೆ, ಆ ಮನುಷ್ಯ ಆಮೇಲೆ ಎಲ್ಲಾದರೂ ಡಾಕ್ಟರ ಹತ್ತಿರ ಹೋಗಿದ್ದಾನೆಯೇ, ಕನ್ನಡಕ ಮಾಡಿಸಿಕೊಂಡಿದ್ದಾನೆಯೇ ಎಂದು ಒಮ್ಮೆ ನೋಡುವುದು. ಸತ್ತವರು ಕನ್ನಡಕ ಮಾಡಿಸುವುದಿಲ್ಲವಲ್ಲ. ಇಷ್ಟು ಸಣ್ಣ ವಿಷಯ ಇದುವರೆಗೆ ಯಾರಿಗೂ ಹೊಳೆದಿಲ್ಲವೇ ಎಂದು ನಾನು ಜಂಬದಿಂದ ಕೇಳಿದೆ. ಹೊಳೆದಿತ್ತಂತೆ, ಮಾಡಲು ಜನ ಕೊಡಲಿಲ್ಲವಂತೆ. ನನ್ನ ಜಂಬ ಅಲ್ಲಿಗೆ ಇಳಿಯಿತು.

ದುವಾರ್ತೆ ಅಣ್ಣನ ವಿಷಯ. "ದೇಶದ ಸತ್ತೋರು ಬದುಕಿದೋರೆಲ್ಲ ನಿನ್ನ ಮುಂದೇ ಇದ್ದಾರಲ್ಲೇ, ಒಂದೇ ಒಂದ್ಸಲ ಅವನ ಹೆಸರು ಹಾಕಿ ನೋಡೇ," ಎಂದು ಬರೆದಿದ್ದೀಯ. ಅಮ್ಮ, ನನಗೆ ಆಸೆಯಿಲ್ಲ ಎಂದುಕೊಂಡೆಯಾ? ಅಪ್ಪ ತೀರಿಕೊಂಡ ವಾರ ಊಟದ ಮೇಜಿನ ಮುಂದೆ ಕುಳಿತು, ಅವರನ್ನು ಆಸ್ಪತ್ರೆಗೆ ತಡವಾಗಿ ಕರೆದುಕೊಂಡು ಹೋದದ್ದು ಯಾರ ತಪ್ಪು ಎಂದು ನೀವಿಬ್ಬರೂ ಕಿತ್ತಾಡಿದಿರಿ. ಅವನು ಕೋಟು ಹಾಕಿಕೊಂಡು ಹೊರಟ. ಅವತ್ತಿನಿಂದ ಒಂದು ಕ್ರಿಸ್‌ಮಸ್ ಕಾರ್ಡ್ ಕೂಡ ಇಲ್ಲ. ಅವನು ಇದ್ದಾನೋ ಇಲ್ಲವೋ ಎಂದು ತಿಳಿಯಲು ನನಗೆ ಬೇಕಾದದ್ದು ಒಂದು ನಿಮಿಷ. ಬೆರಳು ತುರಿಸುತ್ತದೆ. ಆದರೆ ಇಲ್ಲಿ ಮನೆಯವರ ಹೆಸರು ಹುಡುಕುವಂತಿಲ್ಲ. ಯಾರು ಏನು ನೋಡಿದರು ಎಂಬುದೆಲ್ಲ ದಾಖಲಾಗುತ್ತದೆ. ಬಿಟ್ಟುಹೋದ ಗಂಡ ಎಲ್ಲಿದ್ದಾನೆಂದು ನೋಡಿದವಳೊಬ್ಬಳು ಅದೇ ಸಂಜೆ ಕೆಲಸ ಕಳೆದುಕೊಂಡಳಂತೆ. ನಾನು ಬಂದ ದಿನವೇ ಮಿಸ್ ಪ್ರೂಯಿಟ್‌ಗೆ ನಿನ್ನ ವಿಷಯ, ಅಣ್ಣನ ವಿಷಯ ಎರಡೂ ಹೇಳಿದ್ದೆ. ಅವರು, "ಹೇಳಿದ್ದು ಒಳ್ಳೇದಾಯ್ತು," ಎಂದು ನಮ್ಮ ಮನೆತನಕ್ಕೇ ಬೀಗ ಹಾಕಿಸಿದರು. ಈಗ ನಾನು ಮೆಡೇರೊಸ್ ಎಂದು ಹೊಡೆದರೆ ಪರದೆಯ ಮೇಲೆ ಏನೂ ಬರುವುದಿಲ್ಲ.

ಹೊಡೆದು ನೋಡಿದೆಯಾ ಎಂದು ಕೇಳಬೇಡ.

ಆದರೆ ನಿನ್ನ ಸಾವಿನ ಸುದ್ದಿ ಕೊಟ್ಟವರು ಯಾರು ಎಂದು ಕೇಳುವ ಹಕ್ಕು ನಿನಗಿದೆ. ಅದಕ್ಕೇ ಆಗಸ್ಟ್‌ನಲ್ಲಿ ನಿನ್ನಿಂದ ಅರ್ಜಿಗೆ ರುಜು ಹಾಕಿಸಿದ್ದು. ಅದರ ಉತ್ತರ ನೇರವಾಗಿ ನಿನಗೇ ಬರುತ್ತದೆ, ನನ್ನ ಕೈಗೆ ಬರುವುದಿಲ್ಲ. ಉದ್ದನೆಯ ಬಿಳಿ ಲಕೋಟೆ, ವಾರದೊಳಗೆ ತಲುಪಬಹುದು.

ಉಳಿದಂತೆ ಇಲ್ಲಿ ಚಳಿ ಶುರುವಾಗಿದೆ. ನೀನು ಬೆಳಗಿನ ಪೂಜೆಗೆ ಹೋಗುವಾಗ ಕಂದು ಕೋಟು ಹಾಕಿಕೋ, ಆ ತೆಳು ಶಾಲು ಸಾಲದು. ಪಿಂಚಣಿ ಸರಿಯಾಗಿ ಬರುತ್ತಿದೆ ಎಂದು ಬರೆದಿದ್ದೀಯ, ನೆಮ್ಮದಿಯಾಯಿತು. ಫಾದರ್ ನಿನ್ನನ್ನು ಕಂಡಾಗಲೆಲ್ಲ, ಬೈಬಲ್ಲಿನಲ್ಲಿ ಸತ್ತು ಎದ್ದು ಬಂದ ಲಾಜರನ ಹಾಗೆ, ಲಾಜರಮ್ಮ ಎಂದು ಕರೆಯುವುದನ್ನು ಇನ್ನೂ ಬಿಟ್ಟಿಲ್ಲವೇ? ಬಿಡಬೇಡಿ ಎಂದು ನನ್ನ ಪರವಾಗಿ ಹೇಳು. ಈ ವರ್ಷ ಮುಗಿದ ಮೇಲೆ ಬಾಸ್ಟನ್‌ಗೆ ಹೋಗುತ್ತೀಯೋ ಇಲ್ಲವೋ ಎಂದು ಕೇಳಿದ್ದೀಯ. ಗೊತ್ತಿಲ್ಲ ಅಮ್ಮ. ಮೊನ್ನೆ ಹೊಸದಾಗಿ ಬಂದ ಹುಡುಗನೊಬ್ಬನನ್ನು, ಯಾವಾಗ ಹೊರಡುತ್ತೀಯ ಎಂದು ನಾನೇ ಕೇಳಿಬಿಟ್ಟೆ. ಮಿಸ್ ಪ್ರೂಯಿಟ್ ಕಾಫಿ ಬಟ್ಟಲು ಅಡ್ಡ ಹಿಡಿದು ನಗುತ್ತಿದ್ದರು.

ಚಿಕ್ಕಂದಿನಲ್ಲಿ ಮಲಗುವ ಮುಂಚೆ ಕೇಳುತ್ತಿದ್ದ ಹಾಗೇ ಕೇಳುತ್ತಿದ್ದೇನೆ, ನನ್ನ ತಲೆಯ ಮೇಲೆ ನಿನ್ನ ಕೈ ಇರಲಿ.

ನಿನ್ನ ಮಗಳು
ಇನೆಸ್

ತಾ.ಕ.: ಮೇಲಿನದನ್ನೆಲ್ಲ ಚಿಕ್ಕಮ್ಮನಿಗೆ ಓದಿ ಹೇಳು. ಇದನ್ನು ಮಾತ್ರ ನೀನೊಬ್ಬಳೇ ಓದು, ಕುಳಿತುಕೊಂಡು ಓದು.

ನಿನ್ನೆ ಮಧ್ಯಾಹ್ನ ಊಟದ ಹೊತ್ತಿಗೆ ಮಿಸ್ ಪ್ರೂಯಿಟ್ ನನ್ನ ಎದುರಿಗೆ ಬಂದು ಕುಳಿತರು. ಅವರು ಯಾರ ಜೊತೆಗೂ ಕುಳಿತು ಊಟ ಮಾಡುವವರಲ್ಲ.

"ನಿಮ್ಮಮ್ಮನ ಅರ್ಜಿಗೆ ಉತ್ತರ ಶುಕ್ರವಾರ ಅಂಚೆಗೆ ಬೀಳುತ್ತೆ. ಅದರಲ್ಲೇನಿದೆ ಅಂತ ನೀವು ಕೇಳಬೇಡಿ, ನಾನು ಹೇಳಲ್ಲ," ಎಂದರು.

"ಕೇಳಲ್ಲ."

"ಅಮ್ಮ ಒಬ್ರೇ ಇರ್ತಾರಾ?"

"ಹೌದು."

"ನೀವು ಮಕ್ಕಳು ಎಷ್ಟು ಜನ?"

"ಇಬ್ಬರು. ನಾನು, ನಮ್ಮಣ್ಣ."

ಅವರು ತಟ್ಟೆ ಪಕ್ಕಕ್ಕೆ ಸರಿಸಿದರು. ಆಮೇಲೆ ಎದ್ದು, "ನಮ್ಮ ಲಕೋಟೆಗಿಂತ ಮುಂಚೆ ನಿಮ್ಮ ಕಾಗದ ಅವರಿಗೆ ಸೇರಲಿ ಮಗಳೇ," ಎಂದು ಹೇಳಿ ಹೋದರು. ಇಷ್ಟು ತಿಂಗಳಲ್ಲಿ ಅವರು ನನ್ನನ್ನು ಮಗಳೇ ಎಂದದ್ದು ಅದೇ ಮೊದಲು.

ಅವರು ನನಗೆ ಏನೂ ಹೇಳಲಿಲ್ಲ ಅಮ್ಮ. ಲಕೋಟೆಯಲ್ಲಿ ಏನಿದೆ ಎಂದು ನಾನು ನೋಡಿಲ್ಲ. ಆದರೆ ಆಸ್ಪತ್ರೆಯೋ ಬ್ಯಾಂಕೋ ಆಗಿದ್ದರೆ ಮಕ್ಕಳೆಷ್ಟು ಎಂದು ಯಾರು ಕೇಳುತ್ತಾರೆ? ನಿನ್ನ ನಂಬರು ನನಗೇ ಬಾಯಿಗೆ ಬರುವುದಿಲ್ಲ. ಬರುವುದು ಅಣ್ಣನಿಗೆ. ಹೈಸ್ಕೂಲಿನಿಂದಲೂ ನಿನ್ನ ತೆರಿಗೆ ಕಾಗದಗಳನ್ನೆಲ್ಲ ತುಂಬುತ್ತಿದ್ದವನು ಅವನೇ. ನಮ್ಮ ಚರ್ಚಿನ ವಾರಪತ್ರಿಕೆ ಈಗ ಕಂಪ್ಯೂಟರಿನಲ್ಲಿ ಎಲ್ಲಿ ಕುಳಿತರೂ ಸಿಗುತ್ತದೆ. ಫೆಬ್ರವರಿಯ ಕೊನೆಯ ಭಾನುವಾರದ್ದನ್ನು ತೆಗೆದು ನೋಡಿದೆ. ಡೆಲ್ಫಿನಾ ಮೆಡೇರೊಸ್ ಅವರ ಆತ್ಮಶಾಂತಿಗಾಗಿ ಪ್ರಾರ್ಥಿಸಿ ಎಂದು ಒಂದೇ ಸಾಲು. ಬೀದಿ ಇಲ್ಲ, ವಯಸ್ಸಿಲ್ಲ, ಫೋಟೋ ಇಲ್ಲ. ಅದಾದ ವಾರದಲ್ಲೇ ನೀನು ಸತ್ತದ್ದು.

ಮೆಷಿನ್ ಇಬ್ಬರು ಡೆಲ್ಫಿನಾಗಳನ್ನು ಬೇರೆ ಬೇರೆ ಮಾಡಬಲ್ಲದು. ನಿನ್ನ ಮಗನಿಗೆ ಆಗಲಿಲ್ಲ.

ಅವನು ಬದುಕಿದ್ದಾನೆ ಅಮ್ಮ. ಮಾರ್ಚಿನಲ್ಲಂತೂ ಇದ್ದ, ಕುಳಿತಲ್ಲೇ ನಮ್ಮ ಚರ್ಚಿನ ಸುದ್ದಿ ಓದುತ್ತಿದ್ದ. ಅವತ್ತಿನಿಂದ ಅವನು ತಾಯಿ ಇಲ್ಲದವನಾಗಿ ಓಡಾಡುತ್ತಿದ್ದಾನೆ. ನಿನ್ನನ್ನು ಎಬ್ಬಿಸಿದ ಸುದ್ದಿ ಅವನಿಗೆ ಹೋಗಿಲ್ಲ. ಸಾವಿನ ಸುದ್ದಿ ಕೊಟ್ಟವರಿಗೆ, ಅದು ತಪ್ಪಾಗಿತ್ತು, ನಿಮ್ಮವರು ಇದ್ದಾರೆ ಎಂದು ತಿಳಿಸುವ ಏರ್ಪಾಡು ಇಲ್ಲಿಲ್ಲ. ಇವತ್ತು ಬೆಳಗ್ಗೆ ಮಿಸ್ ಪ್ರೂಯಿಟ್‌ರನ್ನು ಕೇಳಿದೆ, ಯಾಕಿಲ್ಲ ಎಂದು. "ನಾನೂ ಇಷ್ಟು ವರ್ಷ ಎದ್ದೋರಿಗೇ ಫೋನ್ ಮಾಡ್ತಾ ಬಂದೆ, ಸುದ್ದಿ ಕೊಟ್ಟೋರ ನೆನಪೇ ಆಗ್ಲಿಲ್ಲ," ಎಂದರು. ಗ್ರೇಡಿ ಆ ಏರ್ಪಾಡು ಮಾಡುತ್ತೇನೆ ಎಂದಿದ್ದಾನೆ. ನಮ್ಮ ಮನೆಯ ವಿಷಯವಾದ್ದರಿಂದ ನಾನು ಅದನ್ನು ಮುಟ್ಟುವ ಹಾಗಿಲ್ಲ.

ಶನಿವಾರ ಮಧ್ಯಾಹ್ನದ ಬಸ್ಸಿಗೆ ನಾನು ಅಲ್ಲಿರುತ್ತೇನೆ. ಲಕೋಟೆ ಬಂದರೆ ಒಡೆಯಬೇಡ, ಇಬ್ಬರೂ ಕೂಡಿ ಒಡೆಯೋಣ. ಅವನು ಇದ್ದಾನೆಂದು ನೀನು ಸಂತೋಷಪಡು, ನಿನ್ನ ಮಣ್ಣಿಗೂ ಬರಲಿಲ್ಲವೆಂದು ಬೈ, ಅಳು, ಏನು ಬೇಕಾದರೂ ಮಾಡು. ನಾನೂ ಸಂತೋಷಪಡಬೇಕೆಂದು ನಿನ್ನೆಯಿಂದ ಒದ್ದಾಡುತ್ತಿದ್ದೇನೆ. ಆಗುತ್ತಿಲ್ಲ. ಅವನು ಹೋದ ಮೇಲೆ ನಾನು ಊರು ಬದಲಾಯಿಸಿದೆ, ಕೆಲಸ ಬದಲಾಯಿಸಿದೆ, ಫೋನ್ ನಂಬರು ಮಾತ್ರ ಬದಲಾಯಿಸಲಿಲ್ಲ. ಅವನಿಗೆ ಗೊತ್ತಿರುವುದು ಅದೊಂದೇ ಎಂದು ಇಟ್ಟುಕೊಂಡೆ. ಅಮ್ಮ ಹೋದಳೆಂದು ಅವನು ಸರ್ಕಾರಕ್ಕೆ ಫೋನ್ ಮಾಡಿದ. ನನಗೆ ಮಾಡಲಿಲ್ಲ.