ಕುವೈತಿನ ಗಾಜಿನಾಚೆ ದಾವಲ

ಪ್ಯಾರಿಸ್, ೯-೧೦-೧೯೮೩

ಶಮಶಾದಬಿ ಚಿಗವ್ವನಿಗೆ ಅಂದಪ್ಪನ ಸಲಾಮು. ಸೀರೆ ನೇಯ್ದು ತೋರಿಸಬೇಕಾದ ಊರಿಗೆ ನಾನು, ಕಾಕಾ ಸುಖವಾಗಿ ಮುಟ್ಟಿದೆವು.

ಮುಂಬಯಿಯಲ್ಲಿ ಟಿಕೀಟು ಮಾಡುವ ಸಾಹೇಬರು, ವಿಮಾನ ಬದಲಿಸುವುದು ರೋಮಿನಲ್ಲೋ ಕುವೈತಿನಲ್ಲೋ ಎಂದು ಕೇಳಿದ್ದರು. ರೋಮಿನಲ್ಲಿ ಎರಡು ತಾಸು ಕಾದರೆ ಸಾಕು, ಕುವೈತಿನಲ್ಲಿ ಒಂಬತ್ತು ತಾಸು. ಕಾಕಾ, "ಒಂಬತ್ತ ದಿನಾ ಆಗ್ಲಿರಿ, ನನ್ನ ಮಗಾ ಅಲ್ಲೇ ಅದಾನ" ಎಂದರು. ದಾವಲನ ಬೆರಳು ಯಂತ್ರಕ್ಕೆ ಸಿಕ್ಕಿ ಹೋದವೆಂದು ಸುದ್ದಿ ಬಂದಾಗಿನಿಂದ ನೀವು ಅಳುತ್ತಲೇ ಇದ್ದಿರಲ್ಲ. ಅವನಿಗೆ ತಂತಿ ಕಳಿಸಿ ಹೊರಟೆವು.

ಕುವೈತಿನಲ್ಲಿ ನಮ್ಮನ್ನು ಹೊರಗೆ ಬಿಡಲಿಲ್ಲ, ಅವನನ್ನು ಒಳಗೆ ಬಿಡಲಿಲ್ಲ. ನಡುವೆ ದಪ್ಪ ಗಾಜು. "ದಾವಲ್ಯಾ, ಕೈ ತೋರ್ಸಲೇ!" ಎಂದು ಕಾಕಾ ಕೂಗಿದ್ದು ಅವನಿಗೆ ಕೇಳಲಿಲ್ಲ. ಆಗ ಕಾಕಾ, ಮಗ್ಗದ ಸದ್ದಿನಲ್ಲಿ ಮಾತು ಕೇಳದಾಗ ನಮ್ಮ ಓಣಿಯಲ್ಲಿ ಮಾಡುವಂತೆ ಕೈಸನ್ನೆ ಮಾಡಿದರು. ಅವನು ಕಾಕಾರ ಹೊಸ ಕೋಟು ನೋಡಿ ನಕ್ಕ. ಅವ್ವ ಹೇಗಿದ್ದಾಳೆ ಎಂದು ಸನ್ನೆಯಲ್ಲೇ ಕೇಳಿದ. ನನಗೆ ನಿಮ್ಮ ಪಡಸಾಲೆಯ ಮಗ್ಗಗಳೆಲ್ಲ ಒಟ್ಟಿಗೆ ಸದ್ದು ಮಾಡಿದಂತಾಯಿತು.

ದಾವಲ ಎರಡೂ ಕೈ ತೋರಿಸಿದ: ಎಡಗೈಯ ಕಿರುಬೆರಳೊಂದೇ ಮೊಂಡಾಗಿದೆ, ಉಳಿದ ಒಂಬತ್ತೂ ನೆಟ್ಟಗಿವೆ. ಕಾಕಾರ ಕೆಮ್ಮು ಕಡಿಮೆ. ಇಲ್ಲಿ ಚಳಿ ಬಹಳ, ಕೌದಿ ತಂದದ್ದು ಒಳ್ಳೆಯದಾಯಿತು.

ಕಾಗದದಲ್ಲಿ ಜಾಗ ಮುಗಿಯಿತು. ಊರಿಗೆ ಯಾವಾಗ ಬರುತ್ತೀ ಎಂದು ಕಾಕಾ ಕೇಳಿದ್ದಕ್ಕೆ ದಾವಲ ಎರಡು ಬೆರಳು ಹೊಸೆದು ತೋರಿಸಿದ. ಎಳೆ ಹರಿದಾಗ "ತಡಿ, ಜೋಡಿಸಿ ಬರ್ತೇನಿ" ಎಂದು ನಾವು ಮಾಡುವ ಸನ್ನೆ ಅದು. ಇನ್ನು ನೀವು ಹೊಟ್ಟೆ ತುಂಬ ಉಣ್ಣಿರಿ.

ಅಂದಪ್ಪ