ಒಗೆದಿಟ್ಟ ಮಾಸ್ಕು

ಶಿಕಾರಿಪುರ
12 ಆಗಸ್ಟ್ 2024

ಪ್ರೀತಿಯ ಪ್ರಮೀಳಕ್ಕನಿಗೆ,

ನಿನ್ನ ನಾಗುವಿನ ನಮಸ್ಕಾರ. ಬರೆಯಲು ತಡವಾಯಿತು, ಬಯ್ಯಬೇಡ. ಫೋನಿನಲ್ಲಿ ಮಾತಾಡಿದರೆ ಕೆಳಗಿರುವ ಅತ್ತೆಗೆ ಕೇಳುತ್ತದೆ. ವಾಟ್ಸಾಪಿನಲ್ಲಿ ಕಳಿಸಿದರೆ ನಿನಗಿಂತ ಮೊದಲು ನಿನ್ನ ಮಗ ರಾಹುಲ್ ಓದುತ್ತಾನೆ. ಅದಕ್ಕೇ ಕಾಗದ. ಸೊರಬದಲ್ಲಿ ಎಲ್ಲರೂ ಹುಷಾರಾ? ಭಾವನ ಮಂಡಿನೋವು ಹೇಗಿದೆ?

ನನಗೆ ಟಿಬಿ ಎಂದು ಗೊತ್ತಾದ ಮೇಲೆ ಮಹಡಿಯ ಕೋಣೆಯೇ ನನ್ನ ಮನೆ. ಮಾತ್ರೆ ನುಂಗುತ್ತಿದ್ದೇನೆ, ಜ್ವರ ಬಿಟ್ಟಿದೆ. ಆದರೆ ಕೂತಲ್ಲಿ ಕೂರಲಾರೆ, ನಿಂತಲ್ಲಿ ನಿಲ್ಲಲಾರೆ. ಕಿಟಕಿಯಿಂದ ಬಾಗಿಲಿಗೆ, ಬಾಗಿಲಿನಿಂದ ಕಿಟಕಿಗೆ. ವಾರ್ಡಿನಲ್ಲಿ ಕೆಮ್ಮುವವರ ನಡುವೆ ಇಡೀ ದಿನ ಓಡಾಡಿದರೂ ಇಷ್ಟು ಸುಸ್ತಾಗುತ್ತಿರಲಿಲ್ಲ. ಕೆಳಗೆ ಮೈತ್ರಿ ಅಜ್ಜಿಯ ಜೊತೆ ಆಡುವ ಸದ್ದು ಕೇಳುತ್ತದೆ, ಹೆತ್ತ ಮಗಳನ್ನು ಎತ್ತಿಕೊಳ್ಳುವ ಹಾಗಿಲ್ಲ.

ಮಾಸ್ಕ್ ಹಾಕಿಕೊಂಡೇ ಕೆಲಸ ಮಾಡುವ ನರ್ಸು ನೀನು, ನಿನಗೆ ಹೇಗೆ ಬಂತು ಎಂದು ಕೇಳಿದ್ದೆಯಲ್ಲ. ಹೇಳುತ್ತೇನೆ, ಓದಿ ಸೀದಾ ಬಸ್ ಹತ್ತಬೇಡ. ನಮ್ಮ ನರ್ಸಿಂಗ್ ಹೋಮಿನಲ್ಲಿ ಕೊಡುವ ಎನ್-95 ಮಾಸ್ಕುಗಳು ಕೆಲವೇ. ಹಾಕಿ ತೆಗೆದದ್ದನ್ನು ಕಾಗದದ ಕವರಿನಲ್ಲಿಟ್ಟು, ಕೆಲವು ದಿನ ಬಿಟ್ಟು ಮತ್ತೆ ಬಳಸಬೇಕು. ತೊಳೆಯಬಾರದು. ಸೋಪು ನೀರು ತಾಗಿದರೆ ರೋಗಾಣು ತಡೆಯುವ ಅದರ ಶಕ್ತಿ ಹೋಗುತ್ತದೆ, ನೋಡಲು ಮಾತ್ರ ಚೆನ್ನಾಗಿಯೇ ಇರುತ್ತದೆ. ನಾನು ಆ ಕವರುಗಳನ್ನು ಬಚ್ಚಲಿನ ಹೊರಗೆ ಮೊಳೆಗೆ ನೇತುಹಾಕುತ್ತಿದ್ದೆ.

ನಮ್ಮತ್ತೆ ನಿನಗೆ ಗೊತ್ತಲ್ಲ. ಆಸ್ಪತ್ರೆಗೆ ಹೋಗಿಬಂದ ಬಟ್ಟೆ ನೀರು ಕಾಣದೆ ಹೊಸ್ತಿಲು ದಾಟುವಂತಿಲ್ಲ. ನನ್ನ ಯೂನಿಫಾರಂ ನೆನೆಹಾಕಿ ಒಗೆಯುವವರೂ ಅವರೇ. ಮೊನ್ನೆ ಮೆಟ್ಟಿಲ ಮೇಲೆ ಊಟದ ತಟ್ಟೆ ಇಟ್ಟು, ಮಾತಿಗೆ ಮಾತು ಬಂದು ಹೇಳಿದರು: "ನಿನ್ನ ಬಾಯಿಬಟ್ಟೇನೂ ದಿನಾ ಒಗದು, ಒಣಗಿಸಿ ಮತ್ತೆ ಕವರ್‌ನಾಗೆ ಇಡ್ತಿದ್ದೆ ಕಣವ್ವ. ದುಡಿಯೋ ಹುಡುಗಿ, ನಿನಗೆ ಪುರುಸೊತ್ತೆಲ್ಲೈತಿ?"

ಕೈಯಲ್ಲಿದ್ದ ತುತ್ತು ಕೈಯಲ್ಲೇ ಉಳಿಯಿತು. ಮಾಸ್ಕಿನಲ್ಲಿ ಸೋಪಿನ ವಾಸನೆ ಬಂದಾಗಲೆಲ್ಲ ಯೂನಿಫಾರಮ್ಮಿನದು ಎಂದುಕೊಂಡಿದ್ದೆ. ಸಿಟ್ಟು ಬಂತಕ್ಕ, ಸುಳ್ಳೇಕೆ ಹೇಳಲಿ. ಆದರೆ ಯಾರ ಮೇಲೆ ಕಿರುಚಲಿ? ಯಾವ ಅತ್ತೆ ಸೊಸೆಯ ಮೈಲಿಗೆ ಬಟ್ಟೆ ದಿನಾ ಒಗೆಯುತ್ತಾಳೆ? "ಹೌದಾ ಅತ್ತೆ" ಎಂದು ಉಣ್ಣತೊಡಗಿದೆ.

ಅದರಿಂದಲೇ ಬಂತೆಂದು ಹೇಳಲಾಗದು, ಕಿಟಕಿ ಮುಚ್ಚಿದ ವಾರ್ಡಿನಲ್ಲಿ ಹೇಗೂ ಬರಬಹುದು ಎಂದರು ಡಾಕ್ಟರು. ನಮ್ಮ ಮನೆಯವರು, ಅಮ್ಮನಿಗೆ ಹೇಳಿಬಿಡೋಣ ಎನ್ನುತ್ತಾರೆ. ನಾನು ಬೇಡ ಎಂದಿದ್ದೇನೆ. ತನ್ನ ಕೈಯಾರೆ ಸೊಸೆಗೆ ರೋಗ ಬಂತು ಎಂದು ಅನ್ನಿಸಿದರೆ ಸಾಕು, ಆ ಜೀವ ಊಟ ಬಿಡುತ್ತದೆ. ನೀನೂ ಬಾಯಿ ಬಿಡಬೇಡ. ನಿನ್ನ ಬಾಯಿ ನನಗೆ ಗೊತ್ತು, ಬಂದರೆ ಮೊದಲು ಜಗಳ, ಆಮೇಲೆ ಕಾಫಿ. ಸದ್ಯಕ್ಕೆ ಬರಲೇಬೇಡ.

ಭಾವನಿಗೆ ನಮಸ್ಕಾರ, ರಾಹುಲನಿಗೆ ಚಿಕ್ಕಮ್ಮನ ಆಶೀರ್ವಾದ. ನಿನ್ನ ಹರಕೆ ನನ್ನ ಮೇಲಿರಲಿ.

ನಿನ್ನ ತಂಗಿ,
ನಾಗಶ್ರೀ

ಮರೆತದ್ದಲ್ಲ, ಬರೆಯಲಾಗದ್ದು: ಮೈತ್ರಿಗೂ ಕೆಮ್ಮು ಶುರುವಾಗಿದೆ. ಮೇಲೆ ಅದನ್ನು ಬರೆಯಲು ಕೈ ಬರಲಿಲ್ಲ. ನಾಳೆ ಎಕ್ಸ್-ರೇ. ಕೆಮ್ಮುವವರ ಸಾಲಿನಲ್ಲಿ ಅವಳನ್ನು ಎತ್ತಿಕೊಂಡು ಕೂರುವವರು ಅತ್ತೆ. ಹಾಕಿಕೊಂಡು ಹೋಗಲು ನನ್ನದೊಂದು ಹಳೆಯ ಮಾಸ್ಕನ್ನು ಒಗೆದಿಟ್ಟಿರುವುದಾಗಿ ಈಗಷ್ಟೇ ಕೆಳಗಿನಿಂದ ಕೂಗಿ ಹೇಳಿದರು. ಬೇರೆಯದು ಹಾಕಿಕೊಳ್ಳಿ ಎಂದರೆ ಇದಕ್ಕೇನಾಗಿದೆ ಎಂದು ಕೇಳುತ್ತಾರೆ. ಇನ್ನು ಮುಚ್ಚಿಡಲಾರೆ, ಇವತ್ತೇ ಹೇಳುತ್ತೇನೆ. ಮೆಟ್ಟಿಲ ಮೇಲೆ ನಿಂತೇ ಹೇಳಬೇಕು, ಅವರು ಅತ್ತರೂ ಹತ್ತಿರ ಹೋಗುವಂತಿಲ್ಲ. ಸೊರಬಕ್ಕೆ ಹೊರಟಿರುವ ಪಕ್ಕದ ಮನೆಯ ಉಚ್ಚಂಗಪ್ಪನವರ ಕೈಯಲ್ಲಿ ಈ ಕಾಗದ ಕಳಿಸುತ್ತಿದ್ದೇನೆ. ಸಿಕ್ಕಿದ ಬಸ್ಸಿಗೆ ಬಾ ಅಕ್ಕ. ಜಗಳಕ್ಕಲ್ಲ, ಅವರ ಪಕ್ಕದಲ್ಲಿ ಕೂರುವುದಕ್ಕೆ.