ಕಿಂಡಿ ಮುಚ್ಚಕೂಡದು

ಡರ್ಹಮ್, ಮಾರ್ಚ್ ೧೯೯೭

ಸ್ವಸ್ತಿ! ಸಮಸ್ತ ಬಿರುದಾವಳಿ ವಿರಾಜಮಾನರಾದ, ಉತ್ತರಧ್ರುವ ಪ್ರಾಂತ್ಯ ದೀಪಸ್ಥಾಪನಾಚಾರ್ಯ, ಹಿಮಗಾಳಿಯ ಗಂಡ, ಡೀಸೆಲ್ ದರ್ಪದಮನ, ವಿಜಾಪುರ ಸಂಭೂತ, ಮೇರಿಲ್ಯಾಂಡ್ ಪುರವರಾಧೀಶ್ವರ, ಶ್ರೀಮನ್ಮಹಾ ಇಂಜಿನಿಯರ್ ವೀರಣ್ಣ ಅಂಕಲ್ ಅವರ ದಿವ್ಯ ಬೂಟುಗಳ ಸನ್ನಿಧಿಗೆ, ಡರ್ಹಮ್ ನಗರದ ಒಂದೂವರೆ ಕೋಣೆಯ ಸಂಸ್ಥಾನದಿಂದ ತಮ್ಮ ಆಸ್ಥಾನ ವಿದೂಷಕ ಹರಿಪ್ರಸಾದನು ಮಾಡುವ ಸಾಷ್ಟಾಂಗ ನಮಸ್ಕಾರಗಳು.

ನಗು ಬಂತೇ ಅಂಕಲ್? ಬಂದಿರಬೇಕು. ಲಾರೆನ್ಸ್‌ವಿಲ್‌ನ ಶಾಲೆಯ ಹಾಲ್‌ನಲ್ಲಿ ನಡೆದ ಆ ಯುಗಾದಿಯಲ್ಲಿ ಇದೇ ಧಾಟಿಯಲ್ಲಿ ಕೂಗಿ ನಿಮ್ಮನ್ನು ವೇದಿಕೆಗೆ ಕರೆದಾಗ ಕನ್ನಡ ಸಂಘದ ಹಿರಿಯರೆಲ್ಲ ನನ್ನ ಕೈಯಿಂದ ಮೈಕ್ ಕಿತ್ತುಕೊಳ್ಳಲು ಎದ್ದು ನಿಂತಿದ್ದರು. ಅಲಾಸ್ಕದ ಹಳ್ಳಿಗಳಿಗೆ ಗಾಳಿಯಿಂದ ಕರೆಂಟು ಕೊಡುವ ವಿಚಾರವಾಗಿ ಮಾತಾಡಲು ವಾಷಿಂಗ್ಟನ್ ಕಡೆಯಿಂದ ಬಂದ ಮುಖ್ಯ ಅತಿಥಿಗೆ ಇಂಥ ಅವಮರ್ಯಾದೆಯೇ ಎಂದು ಅವರ ಸಂಕಟ. ನೀವು ಮಾತ್ರ ಹೊದಿಸಿದ ಶಾಲಿನಲ್ಲೇ ಕಣ್ಣೊರೆಸಿಕೊಂಡು ನಕ್ಕಿರಿ. "ಯಾರ್ ಮಗಾ ಲೇ ನೀ? ಇಂಜಿನಿಯರಿಂಗ್ ಓದಾಕತ್ತೀಯ? ಬ್ಯಾಸಗಿಗೆ ನನ್ನ ಕೂಡ ಬಾ. ಅಲ್ಲಿ ಚಳಿಗೆ ಇಂಥಾ ನಗಸಾವ ಒಬ್ಬಾವ ಬೇಕು" ಎಂದಿರಿ. ಹಾಗೆ ನನಗೆ ಕೆಲಸ ಸಿಕ್ಕಿತು. ಜಗತ್ತಿನಲ್ಲಿ ಚೇಷ್ಟೆಗೆ ಸಂಬಳ ಪಡೆದ ಮೊದಲ ಮೈಸೂರಿನವನು ನಾನೇ ಇರಬೇಕು ಎಂದು ಅಮ್ಮನಿಗೆ ಫೋನಿನಲ್ಲಿ ಹೇಳಿಕೊಂಡಿದ್ದೆ.

ಈಗ ನೀವು ಕಳಿಸಿದ ಹಾಳೆ ನನ್ನ ಮೇಜಿನ ಮೇಲಿದೆ. ಅಲಾಸ್ಕದ ಆ ಹಳ್ಳಿಯ ಕೆಲಸದ ಅಂತಿಮ ವರದಿಯ ಕೊನೆಯ ಪುಟ. ಸ್ಥಳಕ್ಕೆ ಹೋಗಿದ್ದ ಇಬ್ಬರ ಸಹಿ ಬೇಕು. ಮೇಲೆ ನಿಮ್ಮದು ಬಿದ್ದಾಗಿದೆ, ಕೆಳಗೆ ನನ್ನ ಹೆಸರಿನ ಎದುರು ಖಾಲಿ ಗೆರೆ. ಅದರ ಮೇಲಿನ ಎರಡು ವಾಕ್ಯಗಳನ್ನು ನಿಮಗೇ ಕನ್ನಡದಲ್ಲಿ ಓದಿ ಹೇಳುತ್ತೇನೆ, ಇಂಗ್ಲಿಷಿನಲ್ಲಿ ಅವು ತೀರ ಸಭ್ಯವಾಗಿ ಕಾಣುತ್ತವೆ. "ಸ್ಥಳೀಯ ನಿರ್ವಾಹಕಿಯ ನಿರ್ಲಕ್ಷ್ಯದಿಂದ ಬ್ಯಾಟರಿಗಳು ಹಾಳಾದವು. ಈ ಸಮುದಾಯವು ಇಂಥ ತಂತ್ರಜ್ಞಾನಕ್ಕೆ ಇನ್ನೂ ಸಿದ್ಧವಾಗಿಲ್ಲ." ಈ ಹಾಳೆ ಶುಕ್ರವಾರ, ಹಣ ಕೊಟ್ಟ ವಾಷಿಂಗ್ಟನ್ನಿನ ಕಚೇರಿಗೆ ಹೋದರೆ ಆ ಹಳ್ಳಿಗೆ ಹೊಸ ಬ್ಯಾಟರಿ ಬರುವುದಿಲ್ಲ. ಗಾಳಿಯಂತ್ರಗಳನ್ನೂ ಬಿಚ್ಚಿ ಒಯ್ಯುತ್ತಾರೆ. ಇದು ನಿಮಗೂ ಗೊತ್ತು, ನನಗೂ ಗೊತ್ತು.

ಆ ನಿರ್ವಾಹಕಿಗೆ ಒಂದು ಹೆಸರಿದೆ ಅಂಕಲ್. ಮೇರಿ ವಸಿಲಿ. ಶಾಲೆಯ ಅಡುಗೆಯವಳು, ಬ್ಯಾಟರಿ ಕೋಣೆಯ ಉಸ್ತುವಾರಿಯನ್ನು ನೀವೇ ಒಪ್ಪಿಸಿದವಳು. ಆಗಸ್ಟಿನಲ್ಲಿ ನಾವು ಮೊದಲ ಸಲ ಆ ಪುಟ್ಟ ವಿಮಾನದಿಂದ ಇಳಿದ ಸಂಜೆ, ನಿಮ್ಮ ತಟ್ಟೆಯಲ್ಲಿ ಒಂದು ಇಡೀ ಮೀನಿನ ತಲೆ ಇಟ್ಟು, ಹೊರಗಿನಿಂದ ಬಂದ ಅತಿಥಿ ಇದರ ಕಣ್ಣು ತಿನ್ನದೆ ಹೋದರೆ ವರ್ಷವಿಡೀ ಗಾಳಿ ಬೀಸುವುದಿಲ್ಲ ಎಂದು ಗಂಭೀರವಾಗಿ ಹೇಳಿದಳಲ್ಲ, ಅವಳು. ಕೊರಳಲ್ಲಿ ಲಿಂಗ ಕಟ್ಟಿಕೊಂಡ ನೀವು ಆ ಕಣ್ಣನ್ನು ನೋಡುತ್ತ ಬೆವರಿದಿರಿ. ನನ್ನ ಕಡೆ ತಿರುಗಿ "ಲೇ ಹರಿ, ಏನಾರ ಮಾಡಲೇ" ಎಂದು ಪಿಸುಗುಟ್ಟಿದಿರಿ. ಸುತ್ತ ಕೂತ ಊರವರ ಮುಖಗಳೆಲ್ಲ ಕಲ್ಲು. ಆಮೇಲೆ ಮೇರಿಯ ಭುಜ ಅಲುಗತೊಡಗಿತು, ಇಡೀ ಊರು ನಕ್ಕಿತು. ಅವಳು ಆ ಮೀನಿನ ತಲೆಯನ್ನು ಎತ್ತಿಕೊಂಡು ಹೋಗಿ ಬಿಸ್ಕತ್ತಿನಂಥ ಗಟ್ಟಿ ಬ್ರೆಡ್ಡು ತಂದಿಟ್ಟಳು. ನಿಮ್ಮ ಮನೆಯಲ್ಲಿ ಗೌರಾಬಾಯಿ ಆಂಟಿ ಕಟ್ಟಿಕೊಟ್ಟಿದ್ದ ಶೇಂಗಾ ಚಟ್ನಿಪುಡಿಯನ್ನು ನೀವು ಅದರ ಮೇಲೆ ಉದುರಿಸಿ ಅವಳಿಗೂ ಕೊಟ್ಟಿರಿ. ಆ ಡಬ್ಬಿ ಮತ್ತೆ ನಮಗೆ ಸಿಗಲಿಲ್ಲ. ನನ್ನ ಕುಲದವಳೊಬ್ಬಳು ಇಷ್ಟು ಉತ್ತರದಲ್ಲಿ ಇದ್ದಾಳೆಂದು ನನಗೆ ಆ ದಿನ ಗೊತ್ತಾಯಿತು.

ನೀವೂ ಆಗ ಎಷ್ಟು ಚೆನ್ನಾಗಿದ್ದಿರಿ! ಎರಡು ಗಾಳಿಯಂತ್ರ ನಿಲ್ಲಿಸಿ, ಅವು ಕೊಡುವ ಕರೆಂಟನ್ನು ಕೂಡಿಡಲು ಮರದ ಬ್ಯಾಟರಿ ಕೋಣೆ ಕಟ್ಟಿಸಿ, ಅದರ ಬಾಗಿಲಿಗೆ ಮೂರು ಬೆರಳಿನಿಂದ ವಿಭೂತಿ ಬಳಿದಿರಿ. ಮೂರು ವಿಮಾನ ಬದಲಿಸಿ ಬಂದಿದ್ದ ತೆಂಗಿನಕಾಯಿಯನ್ನು ಹೊಸ್ತಿಲಲ್ಲಿ ಒಡೆದಿರಿ. ಮಕ್ಕಳು ಚೂರಿಗಾಗಿ ಮುತ್ತಿಕೊಂಡವು. ಆ ಬೂದಿ ಯಾಕೆಂದು ಮೇರಿ ಕೇಳಿದಾಗ, ಕಾಪಾಡುತ್ತದೆ ಎಂದಿರಿ. ಊರಿನ ಪಂಚಾಯಿತಿಯವರನ್ನು ಕೂರಿಸಿಕೊಂಡು, ಇನ್ನು ನಿಮಗೆ ಡೀಸೆಲ್ ಅಷ್ಟು ಬೇಡ, ಗಾಳಿ ಇದೆಯಲ್ಲ, ನಾನಿದ್ದೇನೆ ಎಂದು ಎದೆ ತಟ್ಟಿಕೊಂಡಿರಿ. ಅವರು ನಂಬಿದರು. ಬೇಸಗೆಯಲ್ಲಿ ನದಿ ಕರಗಿದಾಗ ಮಾತ್ರ ದೋಣಿಯಲ್ಲಿ ಡೀಸೆಲ್ ಬರುವ ಊರು ಅದು. ಆ ಸಲ ಅರ್ಧವೇ ತರಿಸಿದರು.

ಆ ಕೋಣೆಗೆ ಎದುರುಬದುರು ಎರಡು ಕಿಂಡಿ ಇಡಿಸಿದ್ದು ನೀವು. ವಿಜಾಪುರದ ಬಿಸಿಲಲ್ಲಿ ಎಷ್ಟೋ ಊರಿಗೆ ಸೋಲಾರ್ ದೀಪ ಹಾಕಿ ಪಳಗಿದ ಕೈ ನಿಮ್ಮದು. ಅಲ್ಲಿ ಬ್ಯಾಟರಿಗೆ ಶತ್ರು ಎಂದರೆ ಸೆಕೆ. ಬಡಗಿ ಕಿಂಡಿ ಯಾಕೆ ಎಂದಾಗ ನೀವು ನನಗೆ ಕನ್ನಡದಲ್ಲಿ ಹೇಳಿದ ಮಾತು ಇನ್ನೂ ಕಿವಿಯಲ್ಲಿದೆ. "ಬ್ಯಾಟರಿ ಅಂದ್ರ ಎಮ್ಮಿ ಇದ್ದಂಗ ತಮ್ಮಾ. ಕೊಟಗಿ ಒಳಗ ಗಾಳಿ ಆಡ್ಬೇಕು. ಇಲ್ಲಂದ್ರ ಒದ್ದಾಡಿ ಸಾಯ್ತಾವ." ನಾನು ಆ ಎಮ್ಮೆಯ ಕೂಗನ್ನು ಅಣಕಿಸಿದೆ. ನೀವು ನಕ್ಕು, ಹಲಗೆಯ ಮೇಲೆ ಇಂಗ್ಲಿಷಿನಲ್ಲಿ, ದಪ್ಪ ಅಕ್ಷರದಲ್ಲಿ ಬರೆದು ಬಾಗಿಲಿಗೆ ಹೊಡೆದಿರಿ: ಕಿಂಡಿ ಮುಚ್ಚಕೂಡದು. ಎಂದೆಂದಿಗೂ.

ಜನವರಿಯಲ್ಲಿ ದೀಪ ಹೋದ ಸುದ್ದಿ ಬಂತು. ಅದರ ಜೊತೆಗೆ ನಿಮಗೆ ಬೆನ್ನುನೋವೂ ಬಂತು. ನಾನೊಬ್ಬನೇ ಹೋದೆ.

ಅಲ್ಲಿನ ಹಿಮ ನಮ್ಮ ಕ್ಯಾಲೆಂಡರಿನ ಹತ್ತಿಯಂಥ ಹಿಮವಲ್ಲ ಅಂಕಲ್, ಮೈದಾಹಿಟ್ಟು. ಗಾಳಿಗೆ ಅಡ್ಡಡ್ಡ ಹಾರುತ್ತದೆ, ಬೆರಳು ತೂರದ ಕಡೆಯೂ ತೂರುತ್ತದೆ. ಬ್ಯಾಟರಿ ಕೋಣೆಯ ಬಾಗಿಲು ತೆಗೆದರೆ, ಕಿಂಡಿಗಳಿಂದ ನುಗ್ಗಿದ್ದು ಒಳಗೆ ಗೋಡೆಯ ಬದಿಗೆಲ್ಲ ಸೊಂಟದ ಮಟ್ಟ ತುಂಬಿಕೊಂಡಿದೆ. ತುಂಬಿದ ಬ್ಯಾಟರಿ ಚಳಿ ತಡೆಯುತ್ತದೆ, ಗಾಳಿಯಿಲ್ಲದ ವಾರ ಖಾಲಿಯಾದದ್ದು ಒಳಗೇ ಹೆಪ್ಪುಗಟ್ಟಿ ಒಡೆಯುತ್ತದೆ. ಒಡೆದಿದ್ದವು, ಸಾಲಾಗಿ. ನಡುವೆ ಮಂಡಿಯೂರಿ ಮೇರಿ, ಶಾಲೆಯ ಕೇಕ್ ತಟ್ಟೆಯಲ್ಲಿ ಹಿಮ ಗೋರಿ ಹೊರಗೆ ಚೆಲ್ಲುತ್ತಿದ್ದಳು. ಚಳಿಗಾಲ ಶುರುವಾದಂದಿನಿಂದ ಬೆಳಿಗ್ಗೆ ಅಡುಗೆಗೆ ಮೊದಲು ಒಂದು ಸಲ, ಮಕ್ಕಳು ಮನೆಗೆ ಹೋದ ಮೇಲೆ ಒಂದು ಸಲ ಅದೇ ಕೆಲಸ. ನನ್ನನ್ನು ಕಂಡು ಮುಖ ಅರಳಿಸಿ, ನಿಮ್ಮ ಹಲಗೆಯ ಕಡೆ ಕೈ ತೋರಿಸಿದಳು. "ನೋಡು, ಒಂದು ದಿನವೂ ಮುಚ್ಚಿಲ್ಲ. ನಿಮ್ಮ ದೊಡ್ಡವರಿಗೆ ಹೇಳು, ಮೇರಿ ಮಾತು ಉಳಿಸಿಕೊಂಡಿದ್ದಾಳೆ ಅಂತ."

ನಾನು ಪ್ಲೈವುಡ್ಡು ಹುಡುಕಿ ತಂದು ಕಿಂಡಿಗೆ ಹೊಡೆಯಹೋದರೆ ನನ್ನ ಕೈ ಹಿಡಿದು ತಡೆದಳು. ಬರೆದಿದೆಯಲ್ಲ ಎಂದಳು. ಬರೆದದ್ದೇ ತಪ್ಪು ಎಂದೆ. ನಾನು ತಮಾಷೆ ಮಾಡುತ್ತಿದ್ದೇನೆಂದು ಮೊದಲು ಜೋರಾಗಿ ನಕ್ಕಳು, ನನ್ನ ಮೇಲೆ ಅವಳಿಗೆ ಅಷ್ಟು ಅಭಿಪ್ರಾಯ. ಆಮೇಲೆ ನನ್ನ ಮುಖ ನೋಡಿ ನಿಲ್ಲಿಸಿದಳು. "ಹಾಗಾದರೆ ಇಷ್ಟು ದಿನ ನಾನು ಬಾಚಿದ್ದು ಏನು?" ಎಂದು ಕೇಳಿದಳು. ನಿಮ್ಮ ವಿದೂಷಕ ಅವಳ ಕೈಯ ಕೇಕ್ ತಟ್ಟೆ ತೆಗೆದುಕೊಂಡು ಉಳಿದ ಹಿಮ ಬಾಚತೊಡಗಿದ.

ಊರಿನಲ್ಲಿ ಡೀಸೆಲ್ ತಳ ಕಾಣುತ್ತಿತ್ತು. ಶಾಲೆ ಮಧ್ಯಾಹ್ನಕ್ಕೇ ಮುಚ್ಚುತ್ತಿತ್ತು. ವಯಸ್ಸಾದವರು ಹಾಸಿಗೆ ಸುತ್ತಿಕೊಂಡು ಬಂದು ಶಾಲೆಯ ಆಟದ ಹಾಲ್‌ನಲ್ಲಿ ಮಲಗುತ್ತಿದ್ದರು, ಬಿಸಿಯಿದ್ದದ್ದು ಅದೊಂದೇ ಜಾಗ. ಹೊರಗೆ ನಮ್ಮ ಗಾಳಿಯಂತ್ರಗಳು ಎಷ್ಟು ಚಂದ ತಿರುಗುತ್ತಿದ್ದವು ಗೊತ್ತೇ? ಯಾರಿಗೂ ಉಪಯೋಗವಿಲ್ಲದೆ, ಸುಮ್ಮನೆ. ಅಂಗಡಿಯಲ್ಲಿ ಒಬ್ಬ ಮೇರಿಯನ್ನು ಕಂಡು "ದೀಪ ನುಂಗಿದವಳು ಬಂದಳು" ಎಂದ. ಅವಳು ತಿರುಗಿ ಅದಕ್ಕಿಂತ ಒಳ್ಳೆಯ ಮಾತು ಎಸೆದಳು, ಎಲ್ಲರೂ ನಕ್ಕರು. ಆದರೆ ಸಾಮಾನು ತೆಗೆದುಕೊಳ್ಳದೆ ಹೊರಗೆ ಬಂದಳು. ವಿಮಾನದ ಹತ್ತಿರ ನನ್ನ ತೋಳು ಹಿಡಿದು ಹೇಳಿದ್ದು ಇಷ್ಟೇ: "ನಿಮ್ಮ ವರದಿಯ ಒಂದು ಪ್ರತಿ ನಮ್ಮ ಊರಿಗೂ ಬರುತ್ತದಂತೆ. ಯಾರ ತಪ್ಪು ಅಂತ ದೊಡ್ಡ ಅಕ್ಷರದಲ್ಲಿ ಬರೆಸು. ಹಾಲ್‌ನಲ್ಲಿ ಎಲ್ಲರ ಮುಂದೆ ನಾನೇ ಓದುತ್ತೇನೆ."

ಇದನ್ನೆಲ್ಲ ಫೋನಿನಲ್ಲಿ ನಿಮಗೆ ಹೇಳಿದೆ. ನೀವು ಅಂದಿರಿ: "ತಪ್ಪ ನಂದಂತ ಬರದ್ರ ನಾಳೆ ನನಗ ಯಾರ್ ಕೆಲಸ ಕೊಡ್ತಾರಲೇ? ಆಕಿ ಮ್ಯಾಲ ಹಾಕಿದ್ರ ಆಕಿದೇನ್ ಹೋಗತೈತಿ? ಅಡಗಿ ಮಾಡಾಕಿ. ಇದನ್ನೇನ್ ಓದಾಕ ಕುಂಡ್ರತಾಳ?" ಓದ್ತಾಳೆ ಅಂಕಲ್, ಗಟ್ಟಿಯಾಗಿ ಓದ್ತಾಳೆ ಎಂದೆ. ನೀವು ಕೇಳಿಸಿಕೊಳ್ಳಲಿಲ್ಲ. ದನಿ ಮೆತ್ತಗೆ ಮಾಡಿ, ಮೇ ತಿಂಗಳಿಗೆ ನಿನ್ನ ಓದು ಮುಗೀತೈತಿ, ಕೆಲಸಾ ನಾ ಕೊಡ್ತೀನಿ, ವೀಸಾ ನಾ ಮಾಡಸ್ತೀನಿ, ನೀ ನನ್ ಮಗಾ ಇದ್ದಂಗ ಎಂದಿರಿ. ಹಿಂದಿನಿಂದ ಗೌರಾಬಾಯಿ ಆಂಟಿ, ಹುಡುಗ ಊಟಕ್ಕೆ ಯಾವಾಗ ಬರ್ತಾನ ಕೇಳ್ರಿ ಎಂದದ್ದೂ ಕೇಳಿಸಿತು.

ನಿಮಗೆ ಶಿಕ್ಷೆ ಏನು ಕೊಡಬೇಕೆಂದು ಎರಡು ದಿನ ಕೂತು ಯೋಚಿಸಿದ್ದೇನೆ. ನಿಮ್ಮ ಆಫೀಸಿನ ಕೋಣೆಗೆ ಪಾರ್ಸೆಲ್ಲಿನ ಬಿಳಿ ಥರ್ಮಾಕೋಲು ಕಾಳನ್ನು ಸೊಂಟದವರೆಗೆ ಸುರಿದು, ಕೈಗೊಂದು ಕೇಕ್ ತಟ್ಟೆ ಕೊಟ್ಟು, ಬಾಗಿಲಿಗೆ ನಿಮ್ಮದೇ ಹಲಗೆ ಹೊಡೆಯಬೇಕೆಂದುಕೊಂಡೆ. ಮೆಟ್ರೊ ಹತ್ತಿ ಇಳಿಯುವ ಆ ವಾಷಿಂಗ್ಟನ್ ಕಚೇರಿಯವರಿಗೆಲ್ಲ ಮೀನಿನ ತಲೆಯ ಔತಣ ಏರ್ಪಡಿಸಬೇಕೆಂದುಕೊಂಡೆ. ಯಾವುದೂ ಸಾಲದು ಅನ್ನಿಸಿತು. ನಿಮ್ಮ ತಪ್ಪಿನ ಮೇಲೆ ನನಗೆ ಸಿಟ್ಟಿಲ್ಲ. ಸೆಕೆಯಲ್ಲಿ ಕಲಿತವನು ಚಳಿಯಲ್ಲಿ ಎಡವಿದ, ಅಷ್ಟೇ. ಎಮ್ಮೆಯ ಕೂಗು ಹಾಕಿ ನಕ್ಕವನಿಗೂ ಅದು ಹೊಳೆದಿರಲಿಲ್ಲ. ಆದರೆ ನೀವು ಹೇಳಿದ್ದನ್ನು ಅಕ್ಷರ ತಪ್ಪದೆ ಪಾಲಿಸಿದವಳನ್ನು, ಪಾಲಿಸಲಿಲ್ಲ ಎಂದು ಬರೆದಿರಲ್ಲ. ನಮ್ಮನ್ನು ನಂಬಿ ಡೀಸೆಲ್ ಬಿಟ್ಟ ಊರನ್ನು, ಸಿದ್ಧವಾಗಿಲ್ಲ ಎಂದಿರಲ್ಲ. ಇಡೀ ಚಳಿಗಾಲದಲ್ಲಿ ಸಿದ್ಧವಾಗಿರದವರು ಇಬ್ಬರೇ, ಆ ಇಬ್ಬರ ಹೆಸರೂ ಅದೇ ಹಾಳೆಯ ಕೊನೆಯಲ್ಲಿ ಅಚ್ಚಾಗಿವೆ.

ಆ ಎರಡು ವಾಕ್ಯ ಹೊಡೆದುಹಾಕಿ. ಬ್ಯಾಟರಿ ಕೋಣೆಗೆ ಕಿಂಡಿ ಇಟ್ಟದ್ದು ನಮ್ಮ ತಪ್ಪು ಎಂದು ಒಂದೇ ಸಾಲು ಬರೆಯಿರಿ. ನಿಮ್ಮ ಕಂಪನಿ ಮುಳುಗಿದರೆ ಮುಳುಗಲಿ. ನಿಮಗೆ ವಿಜಾಪುರದ ಕೈಕಸುಬಿದೆ, ಮತ್ತೆಲ್ಲಾದರೂ ಬದುಕುತ್ತೀರಿ. ಹಾಲ್‌ನಲ್ಲಿ ಎಲ್ಲರೂ ಕೂತಿರುವಾಗ ಆ ಹೆಂಗಸು ಎದ್ದು ನಿಂತು, ಕಾಗದ ಬಿಡಿಸಿ, ತನ್ನ ಬಗ್ಗೆ ತಾನೇ ಗಟ್ಟಿಯಾಗಿ ಓದಬೇಕಾದ ಸಾಲು ಯಾವುದೆಂದು ಒಂದು ಗಳಿಗೆ ಕಣ್ಣುಮುಚ್ಚಿ ಯೋಚಿಸಿ. ಓದುತ್ತ ಅರ್ಧಕ್ಕೆ ಬಂದಾಗ ಅವಳಿಗೆ ಅರ್ಥವಾಗುತ್ತದೆ. ಆಗಲೂ ನಿಲ್ಲಿಸುವವಳಲ್ಲ, ಪೂರ್ತಿ ಓದುತ್ತಾಳೆ.

ಇನ್ನು ಹೇಳುವುದೇನೂ ಉಳಿದಿಲ್ಲ. ಗೌರಾಬಾಯಿ ಆಂಟಿಗೆ ನಮಸ್ಕಾರ ತಿಳಿಸಿ. ನಿಮ್ಮ ಮನೆಯ ಹೀಟರು ಎಂದೂ ಕೆಡದಿರಲಿ, ನಿಮ್ಮ ಬೆನ್ನು ಬೇಗ ನೆಟ್ಟಗಾಗಲಿ, ನಿಮ್ಮ ಕೀರ್ತಿಗೆ ಯಾವ ಕಡೆಯಿಂದಲೂ ಗಾಳಿ ತಾಗದಿರಲಿ ಎಂದು ಹರಸುವಷ್ಟು ವಯಸ್ಸು ನನಗಿಲ್ಲ, ಆದರೂ ಹರಸಿದ್ದೇನೆ.

ಇಂತಿ ತಮ್ಮ ಆಸ್ಥಾನ ತೊರೆದ ವಿದೂಷಕ,
ಹರಿಪ್ರಸಾದ

ಅಂಕಲ್, ಹಾಳೆ ಇದೇ ಲಕೋಟೆಯಲ್ಲಿದೆ. ಆ ಎರಡು ವಾಕ್ಯದ ಕೆಳಗೇ ಸಹಿ ಹಾಕಿದ್ದೇನೆ, ಮೇ ತಿಂಗಳು ದೂರವಿಲ್ಲ. ನೀಲಿ ಇಂಕಿನಲ್ಲೇ ಇರಬೇಕು ಎಂದಿದ್ದಿರಲ್ಲ, ನೀಲಿಯಲ್ಲೇ ಹಾಕಿದ್ದೇನೆ.